ಪೀಣ್ಯ ಮೇಲ್ಸೇತುವೆ: ಹಾಸನದ ಬಸ್ಸಿನಲ್ಲಿ ಕುಳಿತವರಿಗೆ ಎಷ್ಟು ಉಪಯೋಗ?

ತುಮಕೂರು ರಸ್ತೆಯಲ್ಲಿ ನಾಗಸಂದ್ರದಿಂದ ಗೊರಗುಂಟೆಪಾಳ್ಯದವರೆಗೆ ಸುಮಾರು 4.2 ಕಿ.ಮೀ. ಉದ್ದಕ್ಕೆ ಕಂಬಗಳ ಮೇಲೆ ಸಾಗುವ ಪೀಣ್ಯ ಮೇಲ್ಸೇತುವೆಯನ್ನು ಬೆಂಗಳೂರಿನವರು ತಮ್ಮ ಊರಿನ ಹತ್ತಾರು ಮೇಲ್ಸೇತುವೆಗಳಲ್ಲಿ ಒಂದೆಂದು ಎಣಿಸುತ್ತಿರಬಹುದು. ಹಾಸನ, ಸಕಲೇಶಪುರ, ಬೇಲೂರು, ಚಿಕ್ಕಮಗಳೂರಿನ ಕಡೆಯಿಂದ ರಸ್ತೆ ಮಾರ್ಗವಾಗಿ ರಾಜಧಾನಿಗೆ ಹೋಗುವ ನಮಗೆ ಮಾತ್ರ ಅದು ಊರಿನ ಹೆಬ್ಬಾಗಿಲು. ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮೀಜಿಯವರ ಹೆಸರು ಅದಕ್ಕಿದ್ದರೂ ಬಸ್ಸಿನೊಳಗೆ ಅದು ಇಂದಿಗೂ ‘ಪೀಣ್ಯ ಫ್ಲೈಓವರ್’. ನೆಲಮಂಗಲದವರೆಗಿನ 19.5 ಕಿ.ಮೀ. ಟೋಲ್ ರಸ್ತೆಯ ಅಂಗವಾಗಿ 2010ರ ಸುಮಾರಿಗೆ ಸಂಚಾರಕ್ಕೆ ತೆರೆದುಕೊಂಡ ಈ ಸೇತುವೆಗೆ ನಾವು ಕಾರಿನಲ್ಲಿ ಹೋದರೆ ಫಾಸ್ಟ್ಯಾಗ್ ಮೂಲಕ, ಬಸ್ಸಿನಲ್ಲಿ ಹೋದರೆ ಟಿಕೆಟ್ಟಿನೊಳಗೆ ಸೇರಿಸಿ ಹಣ ಕೊಡುತ್ತಿದ್ದೇವೆ. ಹಣ ಕೊಟ್ಟು ಪಡೆಯುವ ಸೇವೆ ಎಂದಮೇಲೆ ಹೋಟೆಲಿನ ಊಟವನ್ನೋ ಅಂಗಡಿಯ ಸಾಮಾನನ್ನೋ ತೂಗಿ ನೋಡುವ ಹಾಗೆ ಇದನ್ನೂ ತೂಗಿ ನೋಡುವುದರಲ್ಲಿ ತಪ್ಪೇನಿಲ್ಲ. ಬಸ್ ಪ್ರಯಾಣಿಕರ ಪರವಾದ ಇಂಥ ವಿಮರ್ಶೆ ಕಾರಿನವರು ಬರೆಯುವ ವಿಮರ್ಶೆಗಿಂತ ಬೇರೆಯಾಗಿಯೇ ಇರುತ್ತದೆ.

ಮೊದಲು ರಸ್ತೆಗಳ ಲೆಕ್ಕ. ಮಂಗಳೂರಿನ ಕಡೆಯಿಂದ ಶಿರಾಡಿ ಘಾಟಿ ಹತ್ತಿ ಹಾಸನ, ಚನ್ನರಾಯಪಟ್ಟಣ, ಕುಣಿಗಲ್ ಮಾರ್ಗವಾಗಿ ಬರುವ ನಮ್ಮ ಹೆದ್ದಾರಿಗೆ ಈಗಿನ ಸಂಖ್ಯೆ 75. ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರಿನಿಂದ ಬರುವ ಹೆದ್ದಾರಿಗೆ 48. ಎರಡೂ ಕೂಡುವುದು ನೆಲಮಂಗಲದಲ್ಲಿ. ಅಲ್ಲಿಂದ ಮುಂದೆ ಅರ್ಧ ಕರ್ನಾಟಕದ ವಾಹನಗಳು ಒಂದೇ ರಸ್ತೆಯಲ್ಲಿ ಒತ್ತೊತ್ತಾಗಿ ಸಾಗಿ ಪೀಣ್ಯ ಕೈಗಾರಿಕಾ ಪ್ರದೇಶದ ನೆತ್ತಿಯ ಮೇಲೆ ಹಾದು, ಗೊರಗುಂಟೆಪಾಳ್ಯದಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯನ್ನು ಮುಟ್ಟುತ್ತವೆ. ಹಳೆಯ ಪದ್ಧತಿಯಲ್ಲಿ 48 ಎಂಬುದು ನಮ್ಮ ಬೆಂಗಳೂರು–ಮಂಗಳೂರು ರಸ್ತೆಯ ಸಂಖ್ಯೆಯಾಗಿತ್ತು, ತುಮಕೂರಿನದು 4. ಸಂಖ್ಯೆ ಬದಲಾಗಿ ಇಷ್ಟು ವರ್ಷಗಳಾದರೂ ಹಾಸನದ ಹಿರಿಯ ಚಾಲಕರು ‘ಎನ್‌ಎಚ್ 48’ ಎಂದರೆ ಯಾವ ರಸ್ತೆ ಎಂದು ಎರಡು ಸಲ ಕೇಳಿ ತಿಳಿದುಕೊಳ್ಳಬೇಕಾಗುತ್ತದೆ. ಊರೊಳಗೆ ಆ ಗೊಂದಲವಿಲ್ಲ, ಇಲ್ಲಿ ಅದು ಎಂದೆಂದಿಗೂ ಬಿ.ಎಂ. ರಸ್ತೆಯೇ.

ಹಾಸನದ ಹೊಸ ಬಸ್ ನಿಲ್ದಾಣದಿಂದ ಮೆಜೆಸ್ಟಿಕ್‌ಗೆ ಹೆಚ್ಚುಕಡಿಮೆ 185 ಕಿ.ಮೀ. ದೂರವಿದೆ. ಅದರಲ್ಲಿ ನೆಲಮಂಗಲದವರೆಗಿನ ಭಾಗ ಚತುಷ್ಪಥವಾದಮೇಲೆ ಎಷ್ಟು ಹೊತ್ತಿಗೆ ತಲುಪುತ್ತೇವೆಂದು ಹೊರಡುವಾಗಲೇ ಹೇಳಬಹುದಾದಷ್ಟು ಸಲೀಸಾಗಿದೆ. ಶಾಂತಿಗ್ರಾಮದ ಟೋಲ್, ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು, ಸೋಲೂರು ಎಲ್ಲವೂ ಲೆಕ್ಕಕ್ಕೆ ಸಿಗುತ್ತವೆ. ಸಿಗದೇ ಇರುವುದು ಕೊನೆಯ ತುಣುಕು. ಆದ್ದರಿಂದಲೇ ನಾಲ್ಕು ಕಿ.ಮೀ.ಗಳ ಸೇತುವೆಯೊಂದು ಇಡೀ ಪ್ರಯಾಣದ ಹಣೆಬರಹವನ್ನು ನಿರ್ಧರಿಸುವ ಮಟ್ಟಿಗೆ ಬೆಳೆದುಬಿಟ್ಟಿದೆ. ಅದು ಇಲ್ಲದಿದ್ದರೆ ಬಸ್ಸು ಎಂಟನೇ ಮೈಲಿ, ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್, ಪೀಣ್ಯ, ಎಸ್‌ಆರ್‌ಎಸ್ ಜಂಕ್ಷನ್ ಎಂದು ಒಂದೊಂದೇ ವೃತ್ತದಲ್ಲಿ ನಿಂತು ನಿಂತು ಹೋಗಬೇಕು. ಕಾರ್ಖಾನೆಗಳ ಪಾಳಿ ಬಿಡುವ ಹೊತ್ತಿಗೆ ಆ ರಸ್ತೆಗೆ ಇಳಿದವರಿಗೆ ಅದರ ರುಚಿ ಗೊತ್ತು.

ನಾಗಸಂದ್ರದ ಬಳಿ ಸೇತುವೆ ಹತ್ತಬೇಕೋ ಬೇಡವೋ ಎಂಬ ತೀರ್ಮಾನ ಬಸ್ಸಿನೊಳಗೆ ಹೇಗೆ ಆಗುತ್ತದೆ ಎಂಬುದನ್ನು ಗಮನಿಸಿದರೆ ಈ ಸೇವೆಯ ಸ್ವರೂಪ ಚೆನ್ನಾಗಿ ತಿಳಿಯುತ್ತದೆ. ಟೋಲ್ ಸಮೀಪಿಸುವಾಗ ಕಂಡಕ್ಟರು ಎದ್ದು, ನಿದ್ದೆಯಲ್ಲಿದ್ದವರಿಗೂ ಎಚ್ಚರವಾಗುವಂತೆ ಸೀಟಿನ ಕಂಬಿಗೆ ಟಿಕೆಟ್ ಮಷಿನ್ ತಟ್ಟುತ್ತ, “ಎಂಟನೇ ಮೈಲಿ, ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್ ಯಾರಾದ್ರೂ ಇದ್ದೀರೇನ್ರೀ? ಇಲ್ದಿದ್ರೆ ಮೇಲ್ಗಡೆ ಹೋಗ್ಬಿಡ್ತೀವಿ” ಎಂದು ಕೂಗುತ್ತಾರೆ. ಹಿಂದಿನ ಸೀಟಿನಿಂದ ತೆಂಗಿನಕಾಯಿ ಚೀಲದೊಡನೆ ಕುಳಿತ ಅಜ್ಜಿಯೊಬ್ಬರು, “ಜಾಲಳ್ಳಿ ಕ್ರಾಸು ಕಣಪ್ಪ, ಚೀಲ ಐತೆ, ಕೆಳ್ಗಡೆನೇ ಹೋಗು” ಎಂದರೆ ಮುಂದಿನ ಸೀಟಿನಲ್ಲಿ ಆಫೀಸಿಗೆ ಹೊತ್ತಾದವರು ಗಡಿಯಾರ ನೋಡಿಕೊಂಡು ಮುಖ ಗಂಟಿಕ್ಕುತ್ತಾರೆ. ಇಬ್ಬರದೂ ನ್ಯಾಯವೇ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳಿಂದ ಕೆಲಸಕ್ಕೆಂದು ಹೋಗಿ ನೆಲೆಸಿದ ಸಂಸಾರಗಳು ದಾಸರಹಳ್ಳಿ, ಬಾಗಲಗುಂಟೆ, ಪೀಣ್ಯ, ಲಗ್ಗೆರೆಯ ಸುತ್ತ ಬೇಕಾದಷ್ಟಿವೆ, ಅವರನ್ನು ನೋಡಲು ಹೋಗುವ ನೆಂಟರು ಇಳಿಯಬೇಕಾದುದು ಸೇತುವೆಯ ಕೆಳಗೇ. ಮೆಜೆಸ್ಟಿಕ್‌ಗೆ ಹೋಗುವವರಿಗೆ ಬೇಕಾದುದು ಸೇತುವೆಯ ಮೇಲಿನ ದಾರಿ. ತಡೆರಹಿತ ಬಸ್ಸುಗಳಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ, ಸಾಮಾನ್ಯ ಕೆಂಪು ಬಸ್ಸಿನಲ್ಲಿ ಮಾತ್ರ ದಿನವೂ ನಡೆಯುವ ಪಂಚಾಯಿತಿ ಇದು.

ಮೇಲೆ ಹತ್ತಿದ ಬಸ್ಸಿನ ಪ್ರಯಾಣದ ಬಗ್ಗೆ ದೂರುವಂಥದ್ದು ಹೆಚ್ಚಿಲ್ಲ. ಸಿಗ್ನಲ್ ಇಲ್ಲ, ಅಡ್ಡ ಬರುವ ಆಟೋಗಳಿಲ್ಲ, ಜೋಡಣೆಗಳ ಮೇಲೆ ಚಕ್ರ ಹಾಯುವಾಗಿನ ಲಯಬದ್ಧ ಸದ್ದನ್ನು ಬಿಟ್ಟರೆ ಓಟ ಹದವಾಗಿದೆ. ಪಕ್ಕದಲ್ಲೇ ಹಸಿರು ಮಾರ್ಗದ ಮೆಟ್ರೋ ಸಾಗುತ್ತದೆ, ಕಾರ್ಖಾನೆಗಳ ತಗಡಿನ ಚಾವಣಿಗಳು ಕೆಳಗೆ ಕಾಣುತ್ತವೆ. ಕಾಫಿ ತೋಟಗಳ ನಡುವಿನಿಂದ ಮೊದಲ ಸಲ ಬೆಂಗಳೂರಿಗೆ ಬಂದ ಹುಡುಗರಿಗೆ ‘ಊರು ಬಂತು’ ಎನ್ನಿಸುವುದು ಇಲ್ಲಿಯೇ. ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ, ಇದರ ಎರಡರಷ್ಟಕ್ಕಿಂತಲೂ ಉದ್ದವಾದ ಎತ್ತರದ ರಸ್ತೆಯ ಮುಂದೆ ಇದು ಚಿಕ್ಕದು, ಆದರೆ ಹೊರಜಿಲ್ಲೆಯವರ ಪಾಲಿಗೆ ಇದರ ಭಾರ ಹೆಚ್ಚು.

ಸೇತುವೆಯ ನಿಜವಾದ ಕೊರತೆ ಇರುವುದು ಅದು ಇಳಿಯುವ ಜಾಗದಲ್ಲಿ. ಐದು ವೃತ್ತಗಳನ್ನು ನಿರಾಯಾಸವಾಗಿ ದಾಟಿಸಿದ ಸೇತುವೆ ನಮ್ಮನ್ನು ಕೊಂಡೊಯ್ದು ಇಳಿಸುವುದು ಆರನೆಯದಾದ, ಅವೆಲ್ಲಕ್ಕಿಂತ ದೊಡ್ಡದಾದ ಗೊರಗುಂಟೆಪಾಳ್ಯದ ಕೂಡುರಸ್ತೆಯ ಬಾಯಿಗೆ. ಹೆಬ್ಬಾಳದ ಕಡೆಗೆ ತಿರುಗುವವರು, ಮೈಸೂರು ರಸ್ತೆಯ ಕಡೆಗೆ ತಿರುಗುವವರು, ನೇರ ಯಶವಂತಪುರಕ್ಕೆ ಹೋಗುವವರು, ಕೆಳರಸ್ತೆಯಿಂದ ಬಂದು ಸೇರಿಕೊಳ್ಳುವವರು ಎಲ್ಲರೂ ಒಂದೇ ಕಡೆ ಕೂಡುತ್ತಾರೆ. ಮೇಲಿನಿಂದ ಇಳಿಯುವ ಬಸ್ಸು ಎಡಕ್ಕೆ ಬರಬೇಕು, ಏಕೆಂದರೆ ವಿಮಾನ ನಿಲ್ದಾಣಕ್ಕೋ ಹೆಬ್ಬಾಳಕ್ಕೋ ಹೋಗುವ ಪ್ರಯಾಣಿಕರು ಇಲ್ಲೇ ಇಳಿಯುತ್ತಾರೆ. ಅದೇ ಹೊತ್ತಿಗೆ ಕೆಳರಸ್ತೆಯ ವಾಹನಗಳು ಬಲಕ್ಕೆ ನುಗ್ಗುತ್ತಿರುತ್ತವೆ. ಬೆಳಗಿನ ಹೊತ್ತು ಇಳಿಜಾರಿನ ಮೇಲೆಯೇ ಸಾಲು ಹಿಂದಕ್ಕೆ ಬೆಳೆದಾಗ, ಸೇತುವೆಯ ಮೇಲೆ ಉಳಿಸಿದ ನಿಮಿಷಗಳನ್ನು ಸೇತುವೆಯ ತುದಿಯಲ್ಲೇ ಎಣಿಸಿ ಹಿಂದಿರುಗಿಸಿದಂತಾಗುತ್ತದೆ. ಹೆದ್ದಾರಿಯನ್ನು ನಗರದ ಹೃದಯದ ಹತ್ತಿರಕ್ಕೆ ತಂದು ಬಿಡುವ ಎಲ್ಲ ಎತ್ತರದ ರಸ್ತೆಗಳಿಗೂ ಈ ತೊಡಕು ಇದ್ದದ್ದೇ. ಮೇಲೆ ಎಷ್ಟು ವಾಹನ ಹರಿಯುತ್ತದೆ ಎಂಬುದನ್ನು ಕೆಳಗಿನ ಸಿಗ್ನಲ್ಲೇ ತೀರ್ಮಾನಿಸುತ್ತದೆ. ಗೊರಗುಂಟೆಪಾಳ್ಯದ ಕೂಡುರಸ್ತೆಯನ್ನೂ ದಾಟಿ ಯಶವಂತಪುರದ ಕಡೆಗೆ ಇಳಿಸಿದ್ದರೆ ಈ ಸೇತುವೆಯ ಕಥೆಯೇ ಬೇರೆಯಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಮೆಟ್ರೋ ಮಾರ್ಗವೂ ಅದೇ ರಸ್ತೆಯಲ್ಲಿ ಬಂದು ಕುಳಿತಿರುವುದರಿಂದ ಈಗ ಅದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ.

ಇನ್ನೊಂದು ಕೊರತೆ ಹೊರಗಿನಿಂದ ಕಾಣುವಂಥದ್ದಲ್ಲ. ಇಂಥ ಸೇತುವೆಗಳಲ್ಲಿ ಕಂಬದಿಂದ ಕಂಬಕ್ಕೆ ಹಾಸುವ ಕಾಂಕ್ರೀಟಿನ ಭಾಗವನ್ನು ಉಕ್ಕಿನ ತಂತಿಗಳ ಕೇಬಲ್‌ಗಳು ಎರಡು ತುದಿಗಳಿಂದ ಬಿಗಿಯಾಗಿ ಎಳೆದು ಹಿಡಿದಿರುತ್ತವೆ. ಇಟ್ಟಿಗೆ ಲಾರಿಗೆ ತುಂಬುವ ಆಳು ಸಾಲಾಗಿ ಜೋಡಿಸಿದ ಇಟ್ಟಿಗೆಗಳನ್ನು ಎರಡು ಅಂಗೈಗಳಿಂದ ಒತ್ತಿ ಹಿಡಿದು, ನಡುವಿನ ಒಂದು ಇಟ್ಟಿಗೆಯೂ ಬೀಳದಂತೆ ಎತ್ತುವುದನ್ನು ನೋಡಿದವರಿಗೆ ಅದರ ಮರ್ಮ ಸುಲಭವಾಗಿ ಅರ್ಥವಾಗುತ್ತದೆ. ಒತ್ತಡ ಇರುವವರೆಗೆ ಸಾಲು ಗಟ್ಟಿ, ಒತ್ತಡ ಸಡಿಲವಾದರೆ ನಡುವೆ ಜೋತುಬೀಳುತ್ತದೆ. ಕೇಬಲ್‌ಗಳಿಗೆ ತುಕ್ಕು ಹಿಡಿಯಬಾರದೆಂದು ಅವು ಹಾಯುವ ಕೊಳವೆಗಳೊಳಗೆ ಸಿಮೆಂಟಿನ ತಿಳಿಗಾರೆ ತುಂಬುತ್ತಾರೆ. ಗಾರೆ ಎಲ್ಲಾದರೂ ಪೂರ್ತಿ ತುಂಬದೆ ಪೊಳ್ಳು ಉಳಿದರೆ, ಅಲ್ಲಿಗೆ ನೀರು ಇಳಿದರೆ, ಒಳಗೊಳಗೇ ಉಕ್ಕು ಸವೆಯುತ್ತದೆ ಮತ್ತು ಮೇಲೆ ಓಡಾಡುವವರಿಗೆ ಅದರ ಸುಳಿವೇ ಸಿಗುವುದಿಲ್ಲ.

ಪೀಣ್ಯದಲ್ಲಿ ಆದದ್ದು ಕೇಬಲ್‌ಗಳ ತೊಂದರೆಯೇ. 102 ಮತ್ತು 103ನೇ ಕಂಬಗಳ ನಡುವಿನ ಕೇಬಲ್‌ಗಳು ತುಕ್ಕು ಹಿಡಿದು ಕೆಟ್ಟಿರುವುದು ತಿಳಿದು 2021ರ ಡಿಸೆಂಬರ್ 25ರಂದು ಸೇತುವೆಯನ್ನು ಎಲ್ಲ ವಾಹನಗಳಿಗೂ ಮುಚ್ಚಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರ ಸಲಹೆಯ ಮೇರೆಗೆ 2022ರ ಫೆಬ್ರವರಿಯಲ್ಲಿ ಕಾರು, ದ್ವಿಚಕ್ರದಂಥ ಹಗುರ ವಾಹನಗಳನ್ನು ಬಿಟ್ಟರು. ಎರಡು ಕಂಬಗಳ ನಡುವಿನ ಭಾಗಕ್ಕೆ ಅಂಕಣ ಎನ್ನುತ್ತಾರೆ; 120 ಅಂಕಣಗಳ ಈ ಸೇತುವೆಯಲ್ಲಿ ಅಂಕಣವೊಂದಕ್ಕೆ ಹತ್ತರಂತೆ 1,200 ಕೇಬಲ್‌ಗಳಿವೆ. ಅವುಗಳ ಜೊತೆಗೆ ಅಂಕಣಕ್ಕೆ ಎರಡೆರಡರಂತೆ 240 ಹೊಸ ಕೇಬಲ್‌ಗಳನ್ನು ಸೇರಿಸುವ ಕೆಲಸ ಮುಂದುವರಿಯಿತು. 2024ರ ಜನವರಿಯಲ್ಲಿ ಸೇತುವೆಯನ್ನು ಕೆಲವು ದಿನ ಮತ್ತೆ ಮುಚ್ಚಿ ಭಾರ ಹೊರಿಸಿ ಪರೀಕ್ಷಿಸಿದರು. ಬಸ್ಸು ಲಾರಿಗಳಿಗೆ ಅನುಮತಿ ದೊರೆತದ್ದು 2024ರ ಜುಲೈ 29ರಂದು. ಕಾರು ಎರಡು ತಿಂಗಳೊಳಗೆ ಮರಳಿ ಸೇತುವೆ ಹತ್ತಿತು, ಹಾಸನದ ಬಸ್ಸಿಗೆ ಎರಡೂವರೆ ವರ್ಷ ಹಿಡಿಯಿತು. ಭಾರದ ವಾಹನವನ್ನು ತಡೆಯುವುದಕ್ಕೆ ತಾಂತ್ರಿಕ ಕಾರಣವಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಸಂಶಯವಿರುವ ಸೇತುವೆಯ ಮೇಲೆ ಐವತ್ತು ಜನರನ್ನು ತುಂಬಿಕೊಂಡ ಬಸ್ಸನ್ನು ಬಿಡದೆ ಇದ್ದುದೇ ಸರಿ. ಆದರೆ ಒಂದೊಂದು ಕಾರಿನಲ್ಲಿ ಒಬ್ಬೊಬ್ಬರು ಮೇಲೆ, ಐವತ್ತು ಜನರ ಬಸ್ಸು ಕೆಳಗೆ ಎಂಬ ಏರ್ಪಾಡು ಎರಡೂವರೆ ವರ್ಷ ನಡೆದಾಗ ಕೆಳಗಿನ ರಸ್ತೆಯಲ್ಲಿ ಬಸ್ಸಿಗೆಂದು ಬೇರೆ ಪಥವನ್ನಾದರೂ ಬಿಡಬಹುದಾಗಿತ್ತಲ್ಲ ಎಂದು ಕೇಳುವುದು ಪ್ರಯಾಣಿಕರ ಹಕ್ಕು.

ಅನುಮತಿ ಕೊಟ್ಟಾಗಲೂ ಒಂದು ಷರತ್ತು ಇತ್ತು. ನಿರ್ವಹಣೆಯ ಸಲುವಾಗಿ ಶುಕ್ರವಾರ ಬೆಳಿಗ್ಗೆ 6ರಿಂದ ಶನಿವಾರ ಬೆಳಿಗ್ಗೆ 6ರವರೆಗೆ ಭಾರಿ ವಾಹನಗಳಿಗೆ ಪ್ರವೇಶವಿಲ್ಲ. ವಾರಕ್ಕೊಂದು ದಿನ ಸೇತುವೆಗೆ ವಿಶ್ರಾಂತಿ ಕೊಟ್ಟು ಒಳಗಿನದನ್ನು ಪರೀಕ್ಷಿಸುವುದು ಒಳ್ಳೆಯ ಪದ್ಧತಿ, ಮೊದಲಿನಿಂದಲೂ ಹಾಗೆ ಮಾಡಿದ್ದರೆ ಚೆನ್ನಾಗಿತ್ತು. ಆದರೆ ಏಳು ದಿನಗಳಲ್ಲಿ ಶುಕ್ರವಾರವನ್ನೇ ಆರಿಸಿದವರು ಶುಕ್ರವಾರ ಸಂಜೆ ಮೆಜೆಸ್ಟಿಕ್‌ನಲ್ಲಿ ಹಾಸನದ ಬಸ್ಸು ಹಿಡಿಯಲು ಹೋದವರಲ್ಲ ಎಂದು ತೋರುತ್ತದೆ. ವಾರವೆಲ್ಲ ದುಡಿದು, ಬೆನ್ನಿಗೆ ಚೀಲ ಹಾಕಿಕೊಂಡು, ಶನಿವಾರ ಭಾನುವಾರಕ್ಕೆಂದು ಊರಿಗೆ ಹೊರಡುವವರ ನೂಕುನುಗ್ಗಲು ಇರುವುದೇ ಅಂದು. ಅಂಥ ಸಂಜೆ ಕಾರುಗಳು ಮೇಲೆ ಹೋಗುತ್ತವೆ, ಬಸ್ಸುಗಳು ಕೆಳಗೆ ಗೊರಗುಂಟೆಪಾಳ್ಯದಿಂದಲೇ ಸಾಲು ಹಿಡಿಯುತ್ತವೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಗುಡಿಯ ಬಾಗಿಲು ತೆರೆದಾಗ, ಮಾರನೆಯ ದಿನ ಬೆಂಗಳೂರಿನಿಂದ ಹೊರಡುವ ವಿಶೇಷ ಬಸ್ಸುಗಳಿಗೂ ಈ ನಿಯಮದಿಂದ ವಿನಾಯಿತಿ ಇರಲಾರದು. ಮಂಗಳವಾರವನ್ನೋ ಬುಧವಾರವನ್ನೋ ಆರಿಸಿದ್ದರೆ ಕಬ್ಬಿಣಕ್ಕೇನೂ ನಷ್ಟವಿರಲಿಲ್ಲ.

ಲಾರಿಯವರ ಮಾತು ಬೇರೆ. ಹಾಸನ ಜಿಲ್ಲೆಯ ಮುಂಗಾರಿನ ಆಲೂಗಡ್ಡೆ ಕೀಳುವ ಹೊತ್ತಿಗೆ ಯಶವಂತಪುರದ ಯಾರ್ಡಿಗೆ ಮಾಲು ಹೊತ್ತು ರಾತ್ರಿ ಹೊರಡುವ ಲಾರಿಗಳಿಗೆ ಈ ಸೇತುವೆ ಸಮಯಕ್ಕಿಂತ ಹೆಚ್ಚಾಗಿ ಡೀಸೆಲ್ಲಿನ ಲೆಕ್ಕ. ಮಾರುಕಟ್ಟೆಯ ಒಂದು ಪಾಲು ನೆಲಮಂಗಲದ ಕಡೆಯ ದಾಸನಪುರಕ್ಕೆ ಹೋದಮೇಲೆ ಅಲ್ಲಿಗೆ ಹೋಗುವವರು ಸೇತುವೆಯ ತನಕ ಬರಬೇಕಾದುದೇ ಇಲ್ಲ.

ಸೇತುವೆಗೆ ಬದಲಿ ದಾರಿಗಳು ಇವೆಯೇ ಎಂದರೆ, ಇವೆ, ಮತ್ತು ಅವು ಈಚೆಗೆ ಹೆಚ್ಚಿವೆ. ಕೆಂಗೇರಿ, ಬನ್ನೇರುಘಟ್ಟ, ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಕಾರಿನಲ್ಲಿ ಹೋಗುವವರು ಮಾದಾವರದ ಬಳಿಯೇ ನೈಸ್ ರಸ್ತೆಗೆ ಇಳಿದುಬಿಡುವುದರಿಂದ ಅವರಿಗೆ ಪೀಣ್ಯದ ಗೊಡವೆಯೇ ಇಲ್ಲ, ಟೋಲ್ ಮಾತ್ರ ಭಾರ. ಬಸ್ಸಿನವರಿಗೆ ಮೆಟ್ರೋ ಇದೆ. 2015ರಲ್ಲಿ ನಾಗಸಂದ್ರದವರೆಗೆ ಬಂದಿದ್ದ ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ಮಾದಾವರ ಮುಟ್ಟಿತು. ಕೈಯಲ್ಲಿ ಹಗುರ ಚೀಲ ಇರುವವರು ನಾಗಸಂದ್ರದಲ್ಲೇ ಇಳಿದು ಮೆಟ್ರೋ ಹಿಡಿದರೆ ಕೆಳಗಿನ ಸಾಲನ್ನೂ ಗೊರಗುಂಟೆಪಾಳ್ಯದ ಸಿಗ್ನಲನ್ನೂ ನೋಡದೆ ನೇರ ಮೆಜೆಸ್ಟಿಕ್ ಸೇರುತ್ತಾರೆ, ಜಯನಗರ, ಬನಶಂಕರಿಗೆ ಹೋಗಬೇಕಾದವರು ಅದೇ ರೈಲಿನಲ್ಲಿ ಕುಳಿತೇ ಇರಬಹುದು. ಸೇತುವೆ ಮಾಡಬೇಕಾಗಿದ್ದ ಕೆಲಸವನ್ನು ಬಹುಮಟ್ಟಿಗೆ ಈಗ ಪಕ್ಕದ ಮೆಟ್ರೋ ಮಾಡುತ್ತಿದೆ ಎಂದರೆ ಉತ್ಪ್ರೇಕ್ಷೆಯಲ್ಲ. 2014ರಲ್ಲಿ ಪೀಣ್ಯದಲ್ಲಿ ಬಸವೇಶ್ವರ ಬಸ್ ನಿಲ್ದಾಣವನ್ನು ತೆರೆದು ಈ ದಿಕ್ಕಿನ ಬಸ್ಸುಗಳನ್ನು ಅಲ್ಲಿಗೆ ವರ್ಗಾಯಿಸಲು ಹೊರಟಾಗ ಪ್ರಯಾಣಿಕರು ಒಪ್ಪಲಿಲ್ಲ, ಬಸ್ಸುಗಳು ಮೆಜೆಸ್ಟಿಕ್‌ಗೇ ಹಿಂದಿರುಗಿದವು. ನಡುದಾರಿಯಲ್ಲಿ ಇಳಿಸಿ ಇನ್ನೊಂದು ಬಸ್ಸು ಹಿಡಿಯಿರಿ ಎಂದರೆ ಮಕ್ಕಳು ಮರಿ, ಮೂಟೆ ಕಟ್ಟಿಕೊಂಡವರು ಯಾಕೆ ಒಪ್ಪುತ್ತಾರೆ? ಅಂದು ಮೆಟ್ರೋ ಇನ್ನೂ ಪೀಣ್ಯದಿಂದ ಸಂಪಿಗೆ ರಸ್ತೆಯವರೆಗೆ ಮಾತ್ರ ಓಡುತ್ತಿತ್ತು, ಮೆಜೆಸ್ಟಿಕ್ ಮುಟ್ಟಿರಲಿಲ್ಲ ಎಂಬುದನ್ನೂ ನೆನಪಿಡಬೇಕು.

ರೈಲಿನ ದಾರಿಯೂ ಇದೆ. ಶ್ರವಣಬೆಳಗೊಳ, ಕುಣಿಗಲ್, ನೆಲಮಂಗಲದ ಮೇಲೆ ಹಾಯುವ ಹಾಸನ–ಬೆಂಗಳೂರು ನೇರ ಮಾರ್ಗ 2017ರ ಮಾರ್ಚ್‌ನಲ್ಲಿ ಆರಂಭವಾದಮೇಲೆ, ಹೊತ್ತಿಗೆ ಸರಿಹೊಂದುವವರಿಗೆ ಅದು ಅಗ್ಗ ಮತ್ತು ಹಿತ. ಯಶವಂತಪುರದಲ್ಲಿ ಇಳಿದರೆ ಎದುರಿಗೇ ಮೆಟ್ರೋ. ಆದರೆ ರೈಲಿನ ವೇಳೆಗೆ ನಮ್ಮ ಕೆಲಸವನ್ನು ಹೊಂದಿಸಿಕೊಳ್ಳಬೇಕು, ಬಸ್ಸಾದರೆ ಹೊಸ ನಿಲ್ದಾಣಕ್ಕೆ ಹೋದಾಗಲೆಲ್ಲ ಒಂದು ನಿಂತಿರುತ್ತದೆ. ಬಹುಪಾಲು ಜನ ಬಸ್ಸನ್ನು ಬಿಡದಿರುವುದಕ್ಕೆ ಅದೇ ಕಾರಣ.

ಅಂಕ ಕೊಡುವುದಾದರೆ, ಬೆಳಗಿನ ಜಾವ ಕಾರಿನಲ್ಲೋ ತಡೆರಹಿತ ಬಸ್ಸಿನಲ್ಲೋ ಬೆಂಗಳೂರಿಗೆ ಪ್ರವೇಶಿಸುವವರ ಪರವಾಗಿ ಐದಕ್ಕೆ ನಾಲ್ಕು ಕೊಡಲು ನನಗೆ ಅಡ್ಡಿಯಿಲ್ಲ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ನಡುವೆ ಬಂದವರ ಪರವಾಗಿ, ಗೊರಗುಂಟೆಪಾಳ್ಯದ ಇಳಿಜಾರನ್ನು ನೆನೆದು, ಎರಡೂವರೆ. ಶುಕ್ರವಾರ ಸಂಜೆ ಬಸ್ಸಿನಲ್ಲಿ ಊರಿಗೆ ಹೊರಟವರಿಗೆ ಆ ಷರತ್ತು ಜಾರಿಯಲ್ಲಿರುವಷ್ಟು ಕಾಲ ಸೇತುವೆ ಇದ್ದೂ ಇಲ್ಲದ ಲೆಕ್ಕ, ಅವರು ಅಂಕ ಕೊಡುವ ಪ್ರಶ್ನೆಯೇ ಏಳುವುದಿಲ್ಲ. ಸುರಕ್ಷತೆಯ ವಿಷಯದಲ್ಲಿ, ಕೆಟ್ಟದ್ದನ್ನು ಮುಚ್ಚಿಡದೆ ಸೇತುವೆಯನ್ನೇ ಮುಚ್ಚಿ, ಕೇಬಲ್ ಸೇರಿಸಿ, ಭಾರ ಹೊರಿಸಿ ನೋಡಿದಮೇಲೆ ತೆರೆದದ್ದನ್ನು ನಾನು ಮೆಚ್ಚುಗೆಯ ಕಡೆಗೇ ಬರೆದುಕೊಳ್ಳುತ್ತೇನೆ.

ಮರಳಿ ಬರುವವರಿಗೆ ಒಂದು ಮಾತು. ದಾಸರಹಳ್ಳಿ, ಜಾಲಹಳ್ಳಿ ಕ್ರಾಸಿನ ಸುತ್ತ ವಾಸಿಸುವ ಹಾಸನದವರು ಊರಿನ ಬಸ್ಸು ಹಿಡಿಯಲು ಎಂಟನೇ ಮೈಲಿಯಲ್ಲಿ ನಿಲ್ಲುವ ರೂಢಿ ಇದೆ. ಶುಕ್ರವಾರ ಅದು ನಡೆದೀತು, ಉಳಿದ ದಿನಗಳಲ್ಲಿ ಬಸ್ಸು ಮೇಲಿನಿಂದಲೇ ಹೋಗಿಬಿಡುವ ಸಂಭವ ಹೆಚ್ಚು. ಮೆಟ್ರೋ ಹಿಡಿದು ಗೊರಗುಂಟೆಪಾಳ್ಯಕ್ಕೆ ಬಂದು ಅಲ್ಲೇ ಹತ್ತಿಕೊಳ್ಳುವುದು ಲೇಸು. ಅಲ್ಲಿ ಮೇಲೆ ಹೋಗುವ ಬಸ್ಸೂ ನಿಲ್ಲುತ್ತದೆ, ಕೆಳಗೆ ಹೋಗುವ ಬಸ್ಸೂ ನಿಲ್ಲುತ್ತದೆ, ಮತ್ತು ಅದೃಷ್ಟವಿದ್ದರೆ ನೆಲಮಂಗಲಕ್ಕಿಂತ ಮುಂಚೆ ಸೀಟೂ ಸಿಗುತ್ತದೆ.